ಬಿಡ್ತು ಅನ್ನಿಸಲು ಹಾಸನಕ್ಕೆ ಹೋದದ್ದು

ಈಗ ನಾನು ಯಾವ ಕಥೆಯನ್ನೂ ಮೊದಲಿನಿಂದ ಓದುವುದಿಲ್ಲ. ಕೊನೆಯ ಪುಟ ತೆಗೆದು, ಯಾರು ಉಳಿದಿದ್ದಾರೆ ಯಾರು ಹೋಗಿದ್ದಾರೆ ಅಂತ ನೋಡಿಕೊಂಡು, ಆಮೇಲೆ ಮೊದಲ ಸಾಲಿಗೆ ಬರುತ್ತೇನೆ. ಹಾಗೆ ಓದಿದರೆ ಕಥೆಯ ರುಚಿಯೇ ಕೆಟ್ಟುಹೋಗುತ್ತದೆ ಅಂತ ನನ್ನ ಹತ್ತಿರ ಬ್ಲೌಸ್ ಹೊಲಿಸುವ ಕಾಲೇಜಿನ ಮೇಡಂ ಹೇಳುತ್ತಾರೆ. ಕೆಡಲಿ. ಬಾಯಿ ಸುಟ್ಟುಕೊಂಡವಳ ಮುಂದೆ ರುಚಿಯ ಮಾತು ಯಾಕೆ?

ನನ್ನ ಬಾಯಿ ಸುಟ್ಟವರು ಹಾಸನದ ಒಬ್ಬ ಕಥೆಗಾರರು. ಹೆಸರು ಹೇಳುವುದಿಲ್ಲ, ಹೇಳಿದರೆ ಅವರಿಗೆ ಅದೂ ಒಂದು ಪ್ರಚಾರ. ವರ್ಷಗಟ್ಟಲೆ ಅವರ ಕಥೆಗಳನ್ನು ನಾನು ಕಾದು ಓದಿದ್ದೆ. ಕೋಳಿ ಯಾರದು, ಮೊಟ್ಟೆ ಯಾರದು ಅಂತ ಜಡೆ ಹಿಡಿದುಕೊಳ್ಳುವ ವಾರಗಿತ್ತಿಯರು, ಮದುವೆ ಮನೆಯಲ್ಲಿ ಚಪ್ಪಲಿ ಅದಲುಬದಲು ಮಾಡಿಕೊಂಡು ಹೋದ ಬೀಗರು, ಬಸ್ಸಿನಲ್ಲಿ ಸೀಟು ಹಿಡಿಯಲು ಕಿಟಕಿಯಿಂದ ಟವಲು ಎಸೆದು ಟವಲನ್ನೇ ಕಳೆದುಕೊಂಡ ಮೇಷ್ಟ್ರು, ಇಂಥವರೇ ಅವರ ಜನ. ಚನ್ನರಾಯಪಟ್ಟಣದ ನನ್ನ ಟೈಲರಿಂಗ್ ಅಂಗಡಿಯಲ್ಲಿ ಮಧ್ಯಾಹ್ನ ಕರೆಂಟು ಹೋದರೆ ನಾನು ಅವರ ಕಥೆ ಜೋರಾಗಿ ಓದುತ್ತಿದ್ದೆ. ಫಾಲ್ಸ್ ಹಾಕಿಸಲು ಬಂದ ಹೆಂಗಸರು ಕೆಲಸ ಮುಗಿದರೂ ಏಳುತ್ತಿರಲಿಲ್ಲ. ಅವರ ಕಥೆಯಲ್ಲಿ ಯಾರಿಗೂ ಕೆಟ್ಟದ್ದಾಗುತ್ತಿರಲಿಲ್ಲ. ಕಣ್ಣು ಮುಚ್ಚಿಕೊಂಡು ನಂಬುವುದು ಅಂತಾರಲ್ಲ, ಹಾಗೆ ನಂಬಿದ್ದೆ.

ಆ ನಂಬಿಕೆಯಿಂದಲೇ ಅವರ ಹೊಸ ಕಥೆ ಬಂದಿದ್ದ ದೀಪಾವಳಿ ವಿಶೇಷಾಂಕ ಕಂಕುಳಲ್ಲಿ ಇಟ್ಟುಕೊಂಡು ಅರಕಲಗೂಡಿನ ಹತ್ತಿರದ ನಮ್ಮಮ್ಮನ ಮನೆಗೆ ಹೋದೆ. ಹೆಂಗಸರಿಗೆ ಬಸ್ಸು ಫ್ರೀ ಆದಮೇಲೆ ವಾರಕ್ಕೊಮ್ಮೆ ತವರಿಗೆ ಹೋಗುವುದು ನನಗೆ ಕಷ್ಟವಾಗಿರಲಿಲ್ಲ. ಅಲ್ಲಿ ನನ್ನ ಬೆನ್ನಿಗೆ ಬಿದ್ದ ತಂಗಿ ಮಲಗಿದ್ದಳು. ಅವಳನ್ನು ಕೊಟ್ಟಿರುವುದು ಹೊಳೆನರಸೀಪುರಕ್ಕೆ. ಎರಡು ವರ್ಷದ ಹಿಂದೆ ಅವಳ ಮೊದಲ ಮಗು ಎಂಟು ತಿಂಗಳಲ್ಲಿ ಹೊಟ್ಟೆಯಲ್ಲೇ ತೀರಿಹೋಗಿತ್ತು. ಈಗ ಮತ್ತೆ ಬಸುರಿ, ಏಳು ತಿಂಗಳು. ಬಚ್ಚಲಿಗೆ ಹೋಗುವುದು ಬಿಟ್ಟರೆ ಮಂಚದಿಂದ ಇಳಿಯಬಾರದು ಅಂತ ಡಾಕ್ಟರ್ ಹೇಳಿದ್ದರು. ಅದರ ಮೇಲೆ ಅಮ್ಮನ ಕಾನೂನುಗಳು ಬೇರೆ. ಟಿ.ವಿ.ಯಲ್ಲಿ ಅಳುವ ಧಾರಾವಾಹಿ ಹಾಕಬಾರದು, ಮೊಬೈಲ್ ಮುಟ್ಟಬಾರದು, ಸತ್ತವರ ಸುದ್ದಿ ಹೇಳುವ ನೆಂಟರನ್ನು ಹೊಸಲು ದಾಟಿಸಬಾರದು. ಉಳಿದದ್ದು ನಾನು ಮತ್ತು ನನ್ನ ನಗೆ ಕಥೆಗಳು.

ಅಮ್ಮನಿಗೆ ಇನ್ನೊಂದು ಕಾನೂನೂ ಇತ್ತು. ಮನೆಯಲ್ಲಿ ಯಾರ ಬಾಯಲ್ಲಾದರೂ ಅಶುಭದ ಮಾತು ಬಂದರೆ ಅಂದವರೇ ಕೂಡಲೇ "ಬಿಡ್ತು" ಅನ್ನಬೇಕು. ಇದು ಎಲ್ಲರ ಮನೆಯಲ್ಲೂ ಇರುವುದೇ. ಮೇಲೆ ಓಡಾಡುವ ದೇವತೆಗಳು ಯಾವ ಗಳಿಗೆಯಲ್ಲಿ ಅಸ್ತು ಅನ್ನುತ್ತಾರೋ ಗೊತ್ತಿಲ್ಲ, ಅವರು ಬಾಯಿ ತೆರೆಯುವುದಕ್ಕೆ ಮುಂಚೆ ನಾವು ಮಾತು ವಾಪಸ್ಸು ತೆಗೆದುಕೊಳ್ಳಬೇಕು. ಆದರೆ ಆ ಮಗು ಹೋದಮೇಲೆ ಅಮ್ಮನಿಗೆ ಇದೊಂದು ಕಾಯಿಲೆಯೇ ಆಗಿತ್ತು. ಹಾಲು ಒಡೆಯಿತು ಅಂದರೂ ಬಿಡ್ತು ಅನ್ನಬೇಕು. ದೀಪ ಆರಿತು ಅನ್ನುವ ಹಾಗೇ ಇಲ್ಲ. ನಾನು ತಮಾಷೆ ಮಾಡುತ್ತಿದ್ದೆ, ತಂಗಿ ಮಾತ್ರ ಸುಮ್ಮನೆ ಬಿಡ್ತು ಅಂದುಬಿಡುತ್ತಿದ್ದಳು.

ಅವತ್ತು ಅಮ್ಮ ಮಂಚದ ಕೆಳಗೆ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದಳು. ತಂಗಿ ಎಡಮಗ್ಗುಲಾಗಿ ಮಲಗಿ ಹೊಟ್ಟೆಯ ಕೆಳಗೊಂದು ದಿಂಬು ಕೊಟ್ಟುಕೊಂಡಿದ್ದಳು. ನಾನು ಕಿಟಕಿಯ ಬೆಳಕಿಗೆ ಕೂತು ವಿಶೇಷಾಂಕ ಬಿಡಿಸಿದೆ. ಕಥೆ ಒಂದು ತೊಟ್ಟಿಲಿನದು. ನಮ್ಮ ಕಡೆ ಮಗು ಹುಟ್ಟುವ ಮುಂಚೆ ತೊಟ್ಟಿಲು ಕೊಳ್ಳುವುದಿಲ್ಲವಷ್ಟೆ, ಚೆನ್ನಾಗಿ ಬಾಳಿದ ಮಕ್ಕಳು ಆಡಿದ ಹಳೆಯ ತೊಟ್ಟಿಲನ್ನು ಕೇಳಿ ತರುತ್ತಾರೆ. ಕಥೆಯಲ್ಲಿ ಇಡೀ ಬೀದಿಗೆ ಅಂಥದ್ದೊಂದೇ ತೊಟ್ಟಿಲು. ಅದರ ಕೊಂಡಿ ಮುರಿದವಳು ನೀನು ಅಂತ ಒಬ್ಬಳು ಅಜ್ಜಿ, ನಿನ್ನ ಮೊಮ್ಮಗ ಗುಂಡಪ್ಪನ ಭಾರಕ್ಕೆ ಮುರಿಯಿತು ಅಂತ ಇನ್ನೊಬ್ಬಳು ಅಜ್ಜಿ. ಒಬ್ಬಳು ಅದನ್ನು ಅಟ್ಟದಲ್ಲಿ ಬಚ್ಚಿಡುವುದು, ಇನ್ನೊಬ್ಬಳು ಏಣಿ ಹಾಕಿ ಹತ್ತಿ ಮೇಲೇ ಸಿಕ್ಕಿಕೊಳ್ಳುವುದು. ಅಮ್ಮ ನಗುತ್ತ ಹಿತುಕಿದ ಬೇಳೆ ಎತ್ತೆತ್ತಲೋ ಹಾರಿತು. ತಂಗಿ "ಓದ್ಬ್ಯಾಡ ನಿಲ್ಸಕ್ಕ, ನಕ್ಕೂ ನಕ್ಕೂ ಒಟ್ಟೆ ಎಳೀತದೆ" ಅಂದಳು. ಅವಳು ಹಾಗೆ ನಕ್ಕಿದ್ದು ನೋಡಿ ನನಗೆ ಎಷ್ಟು ಸಂತೋಷವಾಗಿತ್ತು ಅಂದರೆ, ಮನಸ್ಸಿನಲ್ಲೇ ಆ ಕಥೆಗಾರರಿಗೆ ಕೈಮುಗಿದೆ.

ಗಟ್ಟಿಯಾಗಿ ಓದುವುದರ ಕಷ್ಟ ಏನೆಂದರೆ, ಬುದ್ಧಿಗೆ ತಿಳಿಯುವ ಮುಂಚೆ ಬಾಯಿ ಹೇಳಿಬಿಟ್ಟಿರುತ್ತದೆ. ಕೊನೆಯ ಪುಟಕ್ಕೆ ಬಂದೆ. ಅಜ್ಜಿಯರು ರಾಜಿಯಾದರು, ಕೊಂಡಿ ಸರಿಮಾಡಿಸಿದರು, ತೊಟ್ಟಿಲು ಬೀದಿಯ ಕೊನೆಯ ಮನೆಯ ಬಸುರಿಗೆ ಹೋಯಿತು. ಅದೇ ಉಸಿರಿನಲ್ಲಿ ಮುಂದಿನ ಸಾಲನ್ನೂ ಓದಿದೆ. ತೊಟ್ಟಿಲು ಹೋದ ಹಾಗೇ ವಾಪಸ್ಸು ಬಂತು, ಒಳಗೆ ಹಾಸಿದ್ದ ಬಟ್ಟೆಯ ಮಡಿಕೆ ಕೂಡ ಮುರಿದಿರಲಿಲ್ಲ, ಮಗು ಉಸಿರಾಡಲಿಲ್ಲವಂತೆ. ಅಷ್ಟೆ. ಅಲ್ಲಿಗೆ ಕಥೆ ಮುಗಿದು ಕೆಳಗೆ ಸೀರೆ ಅಂಗಡಿಯ ಜಾಹೀರಾತು ಇತ್ತು.

"ಬುಡ್ತು ಅನ್ನೇ! ಮೊದ್ಲು ಬುಡ್ತು ಅನ್ನು!" ಅಮ್ಮ ಕೂತಲ್ಲಿಂದಲೇ ನನ್ನ ಕಾಲಿಗೆ ಬಡಿದಳು. ಅವಳ ಕೈಯೆಲ್ಲ ಅವರೆಯ ಸಿಪ್ಪೆ.

"ಬಿಡ್ತು, ಬಿಡ್ತು, ಬಿಡ್ತು" ಅಂದೆ. ತಂಗಿ ನನ್ನನ್ನೂ ನೋಡಲಿಲ್ಲ, ಅಮ್ಮನನ್ನೂ ನೋಡಲಿಲ್ಲ. ಕೈ ಚಾಚಿ ಪುಸ್ತಕ ಇಸಿದುಕೊಂಡಳು, ಆ ಪುಟವನ್ನು ತಾನೊಮ್ಮೆ ನೋಡಿ, ದಿಂಬಿನ ಕೆಳಗೆ ಸೇರಿಸಿ ಗೋಡೆಯ ಕಡೆ ತಿರುಗಿದಳು. ಅವತ್ತು ರಾತ್ರಿ ಮುದ್ದೆ ಹಿತುಕಬೇಳೆ ಸಾರು ಹಾಗೇ ಆರಿಹೋಯಿತು.

ನನಗೆ ಬಂದ ಸಿಟ್ಟು ಹೇಳತೀರದು. ಅಳಿಸುವ ಕಥೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಅವರು ಮೊದಲ ಸಾಲಿನಲ್ಲೇ ಮೋಡ ಕವಿಸುತ್ತಾರೆ, ಬೇಕಾದವರು ಓದುತ್ತಾರೆ, ಬೇಡದವರು ಪುಟ ಮಗುಚುತ್ತಾರೆ. ಇವನು ನಗಿಸಿ ನಗಿಸಿ ಹತ್ತಿರ ಕರೆದು ಕೆನ್ನೆಗೆ ಹೊಡೆದಿದ್ದ. ಹೌದು, ಅವತ್ತಿನಿಂದ ಅವರು ನನಗೆ "ಇವನು" ಆದರು. ಬೆಲ್ಲ ತೋರಿಸಿ ಬೆನ್ನಿಗೆ ಗುದ್ದುವವನಿಗೆ ಬಹುವಚನ ಯಾಕೆ? ಇನ್ನೂ ಉರಿದದ್ದು ಯಾವುದಕ್ಕೆ ಅಂದರೆ, ಅವನ ಮೋಸವನ್ನು ನನ್ನ ದನಿಯಲ್ಲಿ ಆಡಿಸಿದ್ದ. ತಂಗಿಯ ಕಿವಿಗೆ ಬಿದ್ದದ್ದು ಅವನ ಮಾತಲ್ಲ, ನನ್ನ ಮಾತು.

ಮುಂದಿನ ವಾರ ಹೋದಾಗ ಅವಳ ಬಿ.ಪಿ. ಏರಿತ್ತು. ಯೋಚನೆ ಮಾಡಬಾರದು ಅಂತ ಡಾಕ್ಟರ್ ಬುದ್ಧಿ ಹೇಳಿ ಕಳಿಸಿದ್ದರು, ಯೋಚನೆ ಅನ್ನುವುದು ತಿರುಗಿಸಿದರೆ ನಿಲ್ಲುವ ನಲ್ಲಿ ಅನ್ನುವ ಹಾಗೆ. ಹೀಗೇ ಏರುತ್ತ ಹೋದರೆ ತಿಂಗಳು ತುಂಬುವ ತನಕ ಕಾಯುವ ಹಾಗಿಲ್ಲ, ಮಗುವಿಗೆ ತೊಂದರೆ ಅಂತಲೂ ಹೇಳಿದ್ದರಂತೆ. ಪುಸ್ತಕ ಇನ್ನೂ ದಿಂಬಿನ ಕೆಳಗೇ ಇತ್ತು. ಅದನ್ನು ತೆಗೆದು ಒಲೆಗೆ ಹಾಕುತ್ತೇನೆ ಅಂದರೆ ತಂಗಿ ಬಿಡಲಿಲ್ಲ. ಹೆದರಿಕೆಯಾದ ವಸ್ತುವನ್ನು ಕಣ್ಣಳತೆಯಲ್ಲೇ ಇಟ್ಟುಕೊಳ್ಳುತ್ತಾರಲ್ಲ, ಹಾಗೆ ಅಂತ ನಾನು ತಿಳಿದೆ.

ಅಮ್ಮ ಅಡುಗೆಮನೆಗೆ ಕರೆದು ತನ್ನ ತೀರ್ಪು ಹೇಳಿದಳು. "ನೀ ಬುಡ್ತು ಅಂದ್ರೆ ಆಗಾಕಿಲ್ಲ ಕಣಮ್ಮಿ. ನೀ ಬರೀ ಓದ್ದೋಳು. ಆ ಮಾತು ಯಾರ್ ಬಾಯಲ್ಲಿ ಉಟ್ತೋ ಅವ್ನೇ ಅನ್ಬೇಕು."

"ಅವ್ನು ಹಾಸನದಾಗವ್ನೆ. ಅಲ್ಲಿಗೋಗಿ ಅನ್ಸಾಕಾಯ್ತದಾ?"

"ಯಾಕಾಗಲ್ಲ? ಆಸನ ಏನು ಆಕಾಸದಾಗೈತಾ?"

ನಾನು ನಗಬೇಕಿತ್ತು. ನಗಲಿಲ್ಲ. ಎಸ್ಸೆಸ್ಸೆಲ್ಸಿ ಪಾಸಾದವಳು, ಸ್ವಂತ ಅಂಗಡಿ ನಡೆಸುವವಳು, ಇಂಥದ್ದನ್ನು ನಂಬುತ್ತೀಯಾ ಅಂತ ನನ್ನನ್ನೇ ಕೇಳಿಕೊಂಡೆ. ನಂಬುವುದಿಲ್ಲ ಅಂತಲೇ ಉತ್ತರ ಬಂತು. ಆದರೆ ಅವನ ಮುಖಕ್ಕೆ ನಾಲ್ಕು ಮಾತು ಆಡಬೇಕು ಅನ್ನುವುದರಲ್ಲಿ ನನಗೆ ಪೂರ್ತಿ ನಂಬಿಕೆ ಇತ್ತು. ತಂಗಿಗೆ ಹೇಳಿದೆ, "ಮಂಗಳವಾರ ಅಂಗಡಿ ರಜ. ಹೋಗಿ ಅವನ ಬಾಯಿಂದಲೇ ಬಿಡ್ತು ಅನ್ಸಿ ಬತ್ತೀನಿ." ಅವಳು ಅವತ್ತು ಮೊದಲ ಸಲ ಎದ್ದು ಕೂತಳು. "ನಿಜವಾಗ್ಲೂ ಓಯ್ತೀಯಾ? ಅಮ್ಮನ್‌ತಾವ ಫೋನ್ ಇಸ್ಕೊಂಡಿರ್ತೀನಿ, ಅಲ್ಲಿಂದ ನಂಗೊಂದು ಫೋನ್ ಮಾಡಕ್ಕ. ನಾನೂ ಅವ್ರ್‌ತಾವ ಮಾತಾಡ್ಬೇಕು" ಅಂದಳು.

ವಿಳಾಸ ಕೊಟ್ಟದ್ದು ಅದೇ ಕಾಲೇಜಿನ ಮೇಡಂ. "ಅದು ಅವರ ಅತ್ಯುತ್ತಮ ಕಥೆ ಕಣ್ರೀ, ಕೊನೆಯಲ್ಲಿ ಒಂದು ತಿರುವು ಕೊಟ್ಟಿದ್ದಾರೆ ನೋಡಿ" ಅಂತ ಕಣ್ಣರಳಿಸಿ ಹೇಳಿದರು. ಆಗ ನಾನು ಅವರ ತೋಳಿನ ಅಳತೆ ತೆಗೆಯುತ್ತಿದ್ದೆ. ಟೇಪನ್ನು ಸ್ವಲ್ಪ ಬಿಗಿಯಾಗಿಯೇ ಎಳೆದೆ.

ಹಾಸನದಲ್ಲಿ ಮನೆ ಸಿಗುವುದು ತಡವಾಗಲಿಲ್ಲ. ಗೇಟು ತೆರೆದರೆ ಜಗಲಿಯ ಮೇಲೆ ಎಪ್ಪತ್ತರ ಆಸುಪಾಸಿನ ಒಬ್ಬ ಮನುಷ್ಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಮುಖವನ್ನು ಬಿಸಿಲಿಗೆ ಒಡ್ಡಿದ್ದ. ಮೀಸೆಗೆ ಕಪ್ಪು ಬಣ್ಣ ಹಚ್ಚಿಕೊಂಡಿದ್ದ, ಅದು ಒಣಗುವ ತನಕ ತುಟಿ ಅಲುಗಿಸುವ ಹಾಗಿರಲಿಲ್ಲ. ಅವನದೇ ಕಥೆಯೊಂದರಿಂದ ಎದ್ದು ಬಂದ ಹಾಗಿದ್ದ. ಬೇರೆ ದಿನವಾಗಿದ್ದರೆ ಅಂಗಡಿಗೆ ಹೋಗಿ ವಾರವೆಲ್ಲ ಅದನ್ನೇ ಹೇಳಿ ನಗಿಸುತ್ತಿದ್ದೆ. ನಾನು ಚನ್ನರಾಯಪಟ್ಟಣದವಳು, ನಿಮ್ಮ ಕಥೆ ಓದುವವಳು ಅಂದದ್ದೇ ತಡ, ತುಟಿ ಅಲುಗಿಸದೆ ಒಳಗೆ ಕೂಗಿದ, "ನೋಡೇ, ಚನ್ನರಾಯಪಟ್ಟಣದಿಂದ ಹುಡುಕ್ಕೊಂಡು ಬಂದಿದ್ದಾರೆ!" ಅವನ ಹೆಂಡತಿ ಬಾಗಿಲಿಗೆ ಬಂದು ನಿಂತರು.

ನಾನು ಕೂರಲಿಲ್ಲ. ನಿಂತೇ ಎಲ್ಲ ಹೇಳಿದೆ. ತಂಗಿಯ ಸುದ್ದಿ, ಹೋದ ಮಗುವಿನ ಸುದ್ದಿ, ನಾನು ಓದಿದ್ದು, ಬಿ.ಪಿ. ಏರಿದ್ದು. "ನನ್ ಅಂಗಡಿಗೆ ಬರೋರು ಅಳತೆ ಬ್ಲೌಸ್ ಕೊಟ್ಟು ನಂಬ್ಕೊಂಡು ಹೋಗ್ತಾರೆ ಸಾ. ನಾನು ಅದನ್ನ ಪಕ್ಕಕ್ಕಿಟ್ಟು ನನ್ ಮನಸ್ಸಿಗೆ ಬಂದಂಗೆ ಕತ್ರಿ ಹಾಕಿದ್ರೆ ಬಾಗಿಲಿಗೆ ಬಂದು ಉಗೀತಾರೆ. ನಿಮ್ಗೆ ಉಗಿಯೋರು ಯಾರೂ ಇಲ್ವಾ?"

ಅವನಿಗೆ ಬೇಸರವಾಗಬೇಕಿತ್ತು. ಆಗಲಿಲ್ಲ. ಖುಷಿಯಾಯಿತು. ಕಣ್ಣು ಹೊಳೆಯಿತು. "ಇಷ್ಟು ವರ್ಷ ನಗಿಸಿದೆನಮ್ಮ, ಒಬ್ಬರೂ ಈ ಗೇಟು ತೆಗೆದು ಬರಲಿಲ್ಲ. ಇದೊಂದು ಕಥೆಗೆ ನೋಡು, ದಿನಾ ಫೋನು. ಬೈಯೋರು, ಅಳೋರು. ಈಗ ನೀನೇ ಬಂದೆ" ಅಂದ. ಮಗು ಯಾಕೆ ಸಾಯಬೇಕಿತ್ತು ಅಂತ ಕೇಳಿದೆ. "ಕಥೆ ಕೇಳಿತಮ್ಮ, ಕೊಟ್ಟೆ" ಅಂದ. ನನ್ನ ತಂಗಿಯ ಕಣ್ಣೀರು ಇವನಿಗೆ ಚಪ್ಪಾಳೆಯಾಗಿತ್ತು. ನಾನು ಬೈಯಲು ಹೋದವಳು ಅವನ ಹೊಟ್ಟೆ ತುಂಬಿಸಿದ್ದೆ.

"ಬಿಡ್ತು ಅನ್ನಿ" ಅಂದೆ.

"ಅದಕ್ಕೇನಂತೆ? ಬಿಡ್ತು ಬಿಡ್ತು. ಸಾಕಾ?" ನೊಣ ಓಡಿಸಿದ ಹಾಗೆ ಕೈಯಾಡಿಸಿದ. ಬಾಗಿಲಲ್ಲಿದ್ದ ಹೆಂಡತಿ, "ನನಗೆ ಓದಿ ಹೇಳಿದ ದಿನ ನಾನೂ ಬಿಡ್ತು ಅನ್ನಿ ಅಂದೆ ಕಣಮ್ಮ, ಆಗ ಅನ್ನಲೇ ಇಲ್ಲ ಇವರು" ಅಂತ ಹೇಳಿ ಒಳಗೆ ಹೋದರು.

ಇವನು ಅಂದದ್ದು ಅಂದ ಹಾಗೇ ಅಲ್ಲ ಅನ್ನಿಸಿತು. ಆದರೂ ತಂಗಿಯ ಕಿವಿಗಾದರೂ ಬೀಳಲಿ ಅಂತ ಫೋನು ಮಾಡಿ ಸ್ಪೀಕರಿಗೆ ಹಾಕಿ ಅವನ ಮುಂದೆ ಹಿಡಿದೆ. "ನೋಡಮ್ಮ, ನಾನೇ ಅಂತಾ ಇದೀನಿ..." ಅಂತ ಅವನು ಶುರು ಮಾಡಿದ.

"ಅದು ಬ್ಯಾಡ ಸಾ" ಅಂದಳು ತಂಗಿ. "ಒಂದು ಮಾತು ಕೇಳ್ಬೇಕಿತ್ತು. ಆಯಮ್ಮಂಗೆ ಮಗೀನ ತೋರ್ಸಿದ್ರಾ?"

"ಯಾವ ಅಮ್ಮನಿಗೆ?"

"ನಿಮ್ ಕತೇಲಿ. ತೊಟ್ಲು ವಾಪಸ್ ಬತ್ತದಲ್ಲ ಆ ಮನೆಯೋಳ್ಗೆ. ಮಗೀನ ಮುಖ ಅವ್ಳಿಗೆ ತೋರ್ಸಿದ್ರಾ, ಇಲ್ಲಾ ಅಂಗೇ ತಕ್ಕೊಂಡೋದ್ರಾ?"

"ಅದು ಕಥೇಲಿ ಬರಲ್ವಲ್ಲಮ್ಮ."

"ಬರಲ್ಲ ಸಾ, ದಿನಾ ಓದಿ ಓದಿ ಉಡುಕ್ದೆ. ಗಂಡೋ ಎಣ್ಣೋ ಅಂತ್ಲೂ ಇಲ್ಲ. ಬರೀದಿದ್ರೂ ಬರ್ದೋರ್ಗೆ ಗೊತ್ತಿರ್ತದೆ ಅಂತ ಕೇಳ್ದೆ."

ಅವನು ನನ್ನ ಮುಖ ನೋಡಿದ. ಆಮೇಲೆ ಫೋನಿನ ಕಡೆ ಬಗ್ಗಿ, "ಇಲ್ಲಮ್ಮ. ನಾನು ಯೋಚನೆ ಮಾಡಿಲ್ಲ" ಅಂದ. ಮೀಸೆ ಒರೆಸಿಕೊಂಡ, ಒಣಗದ ಬಣ್ಣ ಕೆನ್ನೆಗೆ ಹತ್ತಿತು. ನನಗೆ ನಗುವೂ ಬರಲಿಲ್ಲ, ಬೈಗುಳವೂ ಬರಲಿಲ್ಲ. ಮುಖ ಕೂಡ ನೋಡದೆ ಮಗುವನ್ನು ಕೊಂದಿದ್ದ ಅವನು. ತಿರುವು ಬೇಕಿತ್ತು, ಒಂದು ಮಗು ಕೈಗೆ ಸಿಕ್ಕಿತು, ಅಷ್ಟೆ.

ಅದಕ್ಕಿಂತ ಹೆಚ್ಚು ಚುಚ್ಚಿದ್ದು ಇನ್ನೊಂದು. ತಂಗಿ ಆ ಪುಸ್ತಕವನ್ನು ಹೆದರಿ ಇಟ್ಟುಕೊಂಡಿರಲಿಲ್ಲ, ಹುಡುಕಲು ಇಟ್ಟುಕೊಂಡಿದ್ದಳು. ಎರಡು ವರ್ಷದಿಂದ ಹೊಟ್ಟೆಯಲ್ಲಿಟ್ಟುಕೊಂಡ ಮಾತನ್ನು ಮೀಸೆಗೆ ಬಣ್ಣ ಬಳಿದುಕೊಂಡ ಗುರುತಿಲ್ಲದ ಮುದುಕನನ್ನು ಕೇಳಿದ್ದಳು. ತೀರಿಹೋದ ಮಗುವನ್ನು ಬಾಣಂತಿ ನೋಡಬಾರದು, ನೋಡಿದರೆ ಮನಸ್ಸಿಗೆ ಹತ್ತುತ್ತದೆ, ಮುಂದಿನ ಬಸುರಿಗೆ ಒಳ್ಳೆಯದಲ್ಲ ಅಂತ ಹಿರಿಯರು ಹೇಳಿ ಅವಳ ಮಗುವನ್ನು ಗಂಡಸರು ತೆಗೆದುಕೊಂಡು ಹೋಗಿದ್ದರು. ಹೋಗುವ ಮುಂಚೆ ನರ್ಸು ಅದನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟದ್ದು ನನ್ನ ಕೈಗೆ. ನಮ್ಮ ಮನೆ ಹೆಂಗಸರಲ್ಲಿ ಆ ಮುಖ ನೋಡಿದ್ದವಳು ನಾನೊಬ್ಬಳೇ. ನನ್ನನ್ನು ಅವಳು ಕೇಳಿರಲಿಲ್ಲ.

ಸ್ಪೀಕರು ಆರಿಸಿ ಗೇಟಿನ ಹೊರಗೆ ಬಂದೆ. ಅವನಿಗೆ ಹೋಗಿ ಬರುತ್ತೇನೆ ಅಂತಲೂ ಹೇಳಲಿಲ್ಲ.

"ನಂಗೆ ಕೇಳ್ಬೋದಿತ್ತಲ್ವೇನೇ?" ಅಂದೆ. ಬೀದಿ ಅನ್ನುವುದನ್ನೂ ಮರೆತು ಕೂಗಾಡಿದೆ. "ನಾನೇನ್ ಸತ್ತೋಗಿದ್ನಾ? ಅವನ್ಯಾವನೋ ನಿಂಗೆ? ನಿನ್ ಮಗೀನ ಎತ್ಕೊಂಡಿದ್ದೋಳು ನಾನು!"

"ನೀ ಎತ್ಕೊಂಡಿದ್ಯಾ?" ಅಂದಳು. ಮತ್ತೆ, "ನಿಮ್ಮನ್ನ ಕೇಳಾಕೆ ಬಾಯ್ ತೆಗುದ್ರೆ ಬುಡ್ತು ಅನ್ನು ಅಂತಿದ್ರಿ. ಎಷ್ಟ್ ಸಲ ಅನ್ಲಿ ಅಕ್ಕ? ನನ್ ಮಗೀನೇ ಬುಟ್ಟಂಗಾಯ್ತಿತ್ತು. ಆ ಕತೇಲಾದ್ರೂ ಮಗು ಓಯ್ತು ಅಂತ ಬರ್ದವ್ರೆ. ನಮ್ಮನೇಲಿ ಓಗಿದ್ದು ಅಂತ್ಲೂ ಯಾರೂ ಅಂದಿಲ್ಲ."

ಗೋಡೆಗೆ ಒರಗಿ ಹೇಳಿದೆ. ಗಂಡು ಅನ್ನುವುದು ಅವಳಿಗೆ ಗೊತ್ತಿತ್ತು. ತಲೆ ತುಂಬ ಕೂದಲು ಅಂದೆ. ಹಣೆ ಅಗಲ, ನಿನ್ನ ಗಂಡನದು. ಗದ್ದ ಮಾತ್ರ ನಿನ್ನದೇ, ಗುಳಿ ಇತ್ತು. ತುಟಿ ಗಟ್ಟಿಯಾಗಿ ಮುಚ್ಚಿಕೊಂಡಿದ್ದ, ಮುನಿಸಿಕೊಂಡವರ ಹಾಗೆ. ಒಂದು ಕೈ ಬಟ್ಟೆಯಿಂದ ಆಚೆ ಬಂದಿತ್ತು, ನಾನೇ ಒಳಗೆ ಸೇರಿಸಿದೆ.

"ಬೆಚ್ಚಗಿದ್ನಾ?" ಅಂದಳು.

"ಇನ್ನೂ ಬೆಚ್ಚಗಿದ್ದ ಕಣಮ್ಮಿ" ಅಂದೆ.

ಅವಳು ಅತ್ತಳು. ಫೋನು ಕಿವಿಗೆ ಹಿಡಿದುಕೊಂಡು ನಾನೂ ಅತ್ತೆ. ಹಾಲಿನವನು ಸ್ಕೂಟರು ನಿಧಾನ ಮಾಡಿ ನೋಡಿಕೊಂಡು ಹೋದ. ಸಂಜೆ ನನ್ನ ಊರಿಗೆ ವಾಪಸ್ಸು ಹೋಗದೆ ನೇರ ಅರಕಲಗೂಡಿನ ಬಸ್ಸು ಹತ್ತಿದೆ. ಅಮ್ಮ ಬಾಗಿಲಲ್ಲೇ "ಅಂದ್ನಾ?" ಅಂತ ಕೇಳಿದಳು. ಅಂದ ಅಂದೆ. ಅಂದಿದ್ದನಲ್ಲ.

ಬಿ.ಪಿ. ಮೆಲ್ಲಗೆ ಇಳಿಯಿತು. ಮಾತ್ರೆಗೋ, ಮಾತಿಗೋ, ನಾನು ಹೇಳಲಾರೆ. ಕಥೆಯಿಂದ ಒಳ್ಳೆಯದೇ ಆಯಿತಲ್ಲ ಅಂತ ಮೇಡಂ ಬೆನ್ನು ತಟ್ಟಲು ಬಂದರು. ಎಡವಿ ಬಿದ್ದಲ್ಲಿ ಕಳೆದುಹೋದ ಮೂಗುತಿ ಸಿಕ್ಕಿತು ಅಂತ ಕಲ್ಲಿಟ್ಟವನಿಗೆ ಆರತಿ ಎತ್ತುತ್ತಾರಾ? ಅವನು ನನಗೆ ಮಾಡಿದ್ದು ಮೋಸವೇ. ತಂಗಿ ನನ್ನನ್ನು ಬಿಟ್ಟು ಅವನನ್ನು ಕೇಳಿದ್ದಕ್ಕೂ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಅವಳಿಗೂ ಅದನ್ನು ಹೇಳಿದ್ದೇನೆ. "ಉರೀಲಿ ಬುಡು" ಅಂದಳು.

ತಿಂಗಳು ತುಂಬಿಯೇ ಹೆರಿಗೆಯಾಯಿತು. ಹೆಣ್ಣು. ಆಸ್ಪತ್ರೆಯ ಓಣಿಯೆಲ್ಲ ಕೇಳುವ ಹಾಗೆ ಕಿರುಚಿತು. ಅಮ್ಮ ನಿಂತಲ್ಲೇ ಕುಸಿದು ಕೂತು ಇರುವ ದೇವರಿಗೆಲ್ಲ ಹರಕೆ ಹೊತ್ತಳು. ನರ್ಸು ಮಗುವನ್ನು ಮೊದಲು ತಂಗಿಗೆ ತೋರಿಸಿ ಆಮೇಲೆ ನನ್ನ ಕೈಗೆ ಕೊಟ್ಟರು. ತಂಗಿ ಸುಸ್ತಾಗಿದ್ದಳು, ಕಣ್ಣು ಅರ್ಧ ಮುಚ್ಚಿತ್ತು. ಆದರೂ ತಲೆ ತಿರುಗಿಸಿ, ಅಮ್ಮ ಪಕ್ಕದಲ್ಲೇ ಇರುವಾಗಲೇ, ನನ್ನನ್ನು ಕೇಳಿದಳು. "ನನ್ ಮೊದಲ್ನೇವ್ನಂಗೆ ಅವ್ಳಾ ಅಕ್ಕ?"

ಅಮ್ಮ ಬಾಯಿ ತೆರೆದಳು. ನಾನು ಮಗುವಿನ ಹಣೆ ನೋಡಿದೆ, ಗದ್ದ ನೋಡಿದೆ. ತುಟಿಯಂತೂ ಒಂದು ಗಳಿಗೆ ಮುಚ್ಚುತ್ತಿರಲಿಲ್ಲ.

"ಇಲ್ಲ ಕಣೇ. ಅವನೇ ಬೇರೆ, ಇವಳೇ ಬೇರೆ" ಅಂದೆ.